ಮಾದೇಶನ ಕಾಡು

ಹಸ್ತಂಪಟ್ಟಿ, ಸೇಲಂ
14 ನವೆಂಬರ್ 2023

ಮಾದೇಶನಿಗೆ,

ನಿನ್ನ ಪೆಟ್ಟಿಗೆ ಬಂತು. ಪೆನ್ನಾಗರದ ಬಸ್ಸಿನ ಕಂಡಕ್ಟರ್ ಅದನ್ನು ಸೀಟಿನ ಕೆಳಗೆ ತಳ್ಳಿ ಮರೆತೇ ಬಿಟ್ಟಿದ್ದ. ಹೊಸ ಬಸ್ ಸ್ಟ್ಯಾಂಡಿನಲ್ಲಿ ಒಂದೂವರೆ ಗಂಟೆ ಕಾದು, ಇಬ್ಬರು ಕಂಡಕ್ಟರುಗಳ ಜೊತೆ ಜಗಳವಾಡಿ ಬಿಡಿಸಿಕೊಂಡು ಬಂದೆ. ಮಂಡಿ ಆಪರೇಷನ್ ಆದ ಮೇಲೆ ಇಷ್ಟು ಹೊತ್ತು ನಿಂತದ್ದು ಇದೇ ಮೊದಲು. ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಿಂದ ನಿವೃತ್ತಳಾಗಿ ಐದು ವರ್ಷವಾದರೂ ನನ್ನನ್ನು ಕೆಲಸಕ್ಕೆ ಹಚ್ಚುವವನು ನೀನೊಬ್ಬನೇ.

ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ. ಕೊಡಿಸಿದ ಯಂತ್ರವನ್ನು ಹಾಕಿಕೊಳ್ಳುವುದೂ ಇಲ್ಲ. ನಿನ್ನ ಮಗಳು ವಾಣಿಗೆ ಹೇಳಿ ಕಳಿಸಿದರೆ ಅವಳು ನನ್ನ ಅರ್ಧ ಗಂಟೆಯ ಮಾತನ್ನು ತಮಿಳಿನ ಎರಡು ಶಬ್ದದಲ್ಲಿ ಮುಗಿಸುತ್ತಾಳೆ. ಹಾಗಾಗಿ ಕಾಗದ. ಕಾಲೇಜಿನ ವ್ಯಾನಿನಲ್ಲಿ ಕೂತು ನಿನಗೆ ಕನ್ನಡ ಅಕ್ಷರ ಕಲಿಸಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ.

ಈಗ ವಿಷಯ. ನೀನು ಕಳಿಸಿದ್ದು ಗಡ್ಡೆಯಲ್ಲ. ಅದು ಟ್ರಫಲ್ ಜಾತಿ, ಮಣ್ಣಿನೊಳಗೇ ಹುಟ್ಟಿ ಮಣ್ಣಿನೊಳಗೇ ಮಾಗುವ ಅಣಬೆ. ಕೊಯ್ದು ನೋಡಿದೆ. ಒಳಗೆಲ್ಲ ನಸುಗೆಂಪು, ಸ್ಪಂಜಿನಂತೆ ಸಣ್ಣ ಸಣ್ಣ ಗೂಡು. ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬೀಜಕಣಗಳ ಮೈತುಂಬ ಮುಳ್ಳು. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಮುಳ್ಳು ಹಾಗೇ ಇತ್ತು.

ಇವು ಒಂದು ಕಾಲದಲ್ಲಿ ನೆಲದ ಮೇಲೇ ಇದ್ದವು, ಮಾದೇಶ. ಎಲ್ಲ ಅಣಬೆಗಳ ಹಾಗೆ ಕೊಡೆ ಬಿಚ್ಚಿ, ಕಾಲ ಮೇಲೆ ನಿಂತು, ಗಾಳಿಗೆ ಬೀಜ ತೂರುತ್ತಿದ್ದವು. ಒಣ ಸೀಮೆಯಲ್ಲಿ ಕೊಡೆ ಬಿಚ್ಚುವ ಮೊದಲೇ ಬಿಸಿಲಿಗೆ ಸೀದು ಹೋಗುತ್ತಿದ್ದವು. ಲಕ್ಷಾಂತರ ವರ್ಷ ಹೀಗೇ ನಡೆದು ಕೆಲವು ಕೊಡೆ ಬಿಚ್ಚುವುದನ್ನೇ ಬಿಟ್ಟವು, ಕಾಲು ಕಳೆದುಕೊಂಡವು, ಒಳಗೇ ಉಳಿದವು. ಒಳಗೆ ಗಾಳಿ ಎಲ್ಲಿಂದ ಬರಬೇಕು? ಅದಕ್ಕೆ ವಾಸನೆ ಕಲಿತವು. ಆ ವಾಸನೆಗೆ ಇಲಿ, ಹಂದಿ, ಅಳಿಲು ಬಂದು ಬಗೆದು ತಿಂದು ಇನ್ನೆಲ್ಲೋ ಹೋಗಿ ಹಿಕ್ಕೆ ಹಾಕಿದರೆ ಇವುಗಳ ಸಂಸಾರ ಮುಂದುವರಿಯುತ್ತದೆ. ಯುರೋಪು, ಅಮೆರಿಕ, ಆಸ್ಟ್ರೇಲಿಯಾ, ಎಲ್ಲ ಕಡೆ ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಅಣಬೆಗಳು ಬೇರೆ ಬೇರೆಯಾಗಿ ಇದೇ ದಾರಿ ಹಿಡಿದಿವೆ. ನನ್ನ ಹತ್ತಿರ ಒಂದು ಹಳೆಯ ಭೂಪಟವಿದೆ, ಟ್ರಫಲ್ ಸಿಕ್ಕ ಕಡೆಗೆಲ್ಲ ಕಪ್ಪು ಚುಕ್ಕೆ. ಅದರಲ್ಲಿ ನಮ್ಮ ಸೀಮೆ ಬರೀ ಬಿಳಿ. ಇಲ್ಲ ಎಂದಲ್ಲ, ಯಾರೂ ಅಗೆದು ನೋಡಿಲ್ಲ. ನೋಡದೆ ಇಲ್ಲ ಅನ್ನಬಾರದು ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೆ.

ಆದರೆ ನಿನ್ನ ಲೇಬಲ್ ನೋಡಿ ಸಿಟ್ಟು ಬಂತು. "ನಮ್ಮ ಕಾಡಲ್ಲಿ, ಇಲಿ ಬಗೆದ ಕಡೆ, ನಾಲ್ಕು ಬೆರಳು ಆಳ." ಅಷ್ಟೇ. ಯಾವ ಮರ? ಇಪ್ಪತ್ತೆರಡು ವರ್ಷ ಗಿಡ ಕೀಳುತ್ತಾ ನನ್ನ ಜೊತೆ ಬೆಟ್ಟ ಸುತ್ತಿದವನು ಮರದ ಹೆಸರು ಬಿಟ್ಟು ಲೇಬಲ್ ಬರೆಯುವುದೇ? ಇವು ಮರದ ಬೇರಿನ ಸ್ನೇಹವಿಲ್ಲದೆ ಬದುಕುವುದಿಲ್ಲ. ಜಾಲಾರಿಯೇ? ನಿಮ್ಮ ಊರ ಹೆಸರಿನಲ್ಲೇ ಇದೆಯಲ್ಲ. ಜಾಲಾರಿ ಎಂದು ನೀನು ಬರೆದರೆ ನಾನು ಕುಣಿಯುತ್ತೇನೆ, ಮಂಡಿ ಏನಾದರೂ ಆಗಲಿ.

ಶಾಂತಾ


ಜಾಲಾರಿಕೊಟ್ಟಾಯ್
27 ನವೆಂಬರ್ 2023

ಮೇಡಂ ಅವ್ರಿಗೆ ಮಾದೇಶ ಮಾಡೋ ನಮಸ್ಕಾರ.

ಕಾಗದ ಎರಡು ಸಲ ಓದ್ದೆ. ನನಗೆ ಕಿವಿ ಓದಂಗೆ ಆ ಅಣಬೆಗೆ ಕಾಲು ಓಗೈತೆ. ಬದುಕ್ಕೊಂಡೈತಲ್ಲ, ಬಿಡಿ.

ಮರ ಕೇಳಿದ್ರಿ. ಪಕ್ಕದಾಗೇ ಜಾಲಾರಿ ಐತೆ. ನಮ್ಮಪ್ಪನ ಕಾಲದ ಮರ. ಕುಣೀಬ್ಯಾಡಿ, ಮತ್ತೆ ಆಸ್ಪತ್ರೆಗೆ ನಾನೇ ಬರ್ಬೇಕಾಯ್ತದೆ.

ಇಲ್ಲಿ ಬೇರೆ ತಲೆನೋವು ಶುರುವಾಗೈತೆ. ನಮ್ಮ ಜಾಲಾರಿ ಗುಡ್ಡಾನ ಯಾರೋ ಬಂದು ಅಳೆದು ಓದ್ರು. ಬಂಡೆಗೆಲ್ಲಾ ಕೆಂಪು ಪೇಂಟ್ ಬಳ್ದವ್ರೆ. ಗ್ರಾನೈಟ್ ಕ್ವಾರಿ ಬತ್ತದಂತೆ. ನಲವತ್ತು ಮನೆ ಬಾವಿಗೂ ಒರತೆ ಆ ಗುಡ್ಡದ್ದೇ ಮೇಡಂ, ನಿಮಗೆ ಗೊತ್ತು, ನೀವು ಕುಡ್ದಿದ್ದೀರ. ಕ್ವಾರಿ ಬಂದಿರೋ ಆ ಕಡೆ ಊರಿಗೆ ಓಗಿ ನೋಡ್ಕೊಂಡು ಬಂದೆ. ಬಾವಿ ತಳ ಕಾಣ್ತದೆ. ಬಂಡೆಗೆ ಮದ್ದು ಸಿಡ್ಸಿದ್ರೆ ಸದ್ದು ನನಗೆ ಕೇಳ್ಸಲಿಲ್ಲ, ಎದೆಗೆ ಬಡೀತು.

ಮನು, ಅದೇ ಅರ್ಜಿ, ಬರ್ದು ಕಲೆಕ್ಟರ್ ಆಪೀಸಿಗೆ ಕೊಟ್ಟಿದ್ದೀವಿ. ಗುಡ್ಡದಾಗೆ ಏನೈತೆ ಅಂತ ಕೇಳ್ತಾರೆ ಅವ್ರು. ಕಲ್ಲು, ಜಾಲಾರಿ, ಮೇಕೆ ಅಂದ್ವಿ. ನಕ್ಕು ಕಳ್ಸಿದ್ರು. ನಿಮಗೆ ಏನಾರ ದಾರಿ ಕಂಡ್ರೆ ಬರೀರಿ.

ಇಂತಿ ನಿಮ್ಮ
ಮಾದೇಶ


ಹಸ್ತಂಪಟ್ಟಿ, ಸೇಲಂ
2 ಜುಲೈ 2024

ಮಾದೇಶನಿಗೆ,

ದಾರಿ ಕಂಡಿದೆ. ಇದರ ಜೊತೆಗಿರುವ ಎಂಟು ಪುಟ ನೋಡು, ವಿಜ್ಞಾನ ಪತ್ರಿಕೆಯಲ್ಲಿ ಬಂದ ನನ್ನ ಲೇಖನ. ಇಂಗ್ಲಿಷಿನಲ್ಲಿದೆ, ಚಿತ್ರಗಳನ್ನಾದರೂ ನೋಡು. ನೀನು ಇಲಿಯ ಬಾಯಿಂದ ಕಿತ್ತುಕೊಂಡ ಉಂಡೆಗೆ ಈಗ ಒಂದು ಹೊಸ ಹೆಸರಿದೆ, ಆ ಹೆಸರಿನಲ್ಲಿ ಜಾಲಾರಿ ಇದೆ. ಕೊನೆಯ ಪುಟದ ಕೊನೆಯಲ್ಲಿ ಸಹಾಯಕ್ಕಾಗಿ ನಿನಗೆ ಧನ್ಯವಾದ ಹೇಳಿದ್ದೇನೆ.

ಇದು ಯಾಕೆ ದೊಡ್ಡ ಮಾತು ಎಂದು ಹೇಳುತ್ತೇನೆ, ಟೀ ಅಂಗಡಿಯಲ್ಲಿ ಕೇಳಿದರೆ ನೀನು ಹೇಳಬೇಕಲ್ಲ. ಈ ನಮ್ಮ ನೆಲ ಮೊದಲು ಇಲ್ಲಿರಲಿಲ್ಲ. ದಕ್ಷಿಣದ ಒಂದು ಮಹಾಖಂಡದಿಂದ ಮುರಿದುಕೊಂಡು, ನಿಮ್ಮ ಹೊಗೆನಕಲ್ಲಿನ ಹರಿಗೋಲಿನಂತೆ ಸಮುದ್ರದಲ್ಲಿ ಒಂಟಿಯಾಗಿ ಬಂದು ಏಷ್ಯಾಕ್ಕೆ ಹತ್ತಿಕೊಂಡಿತು. ಜಾಲಾರಿಯ ಕುಲದ ಹಿರಿಯರು ಆಗಲೇ ಈ ಹರಿಗೋಲಿನಲ್ಲಿದ್ದರು ಎಂದು ಅನೇಕ ವಿಜ್ಞಾನಿಗಳು ನಂಬುತ್ತಾರೆ. ಮರ ಬಂದಿದ್ದರೆ ಅದರ ಬೇರಿಗೆ ಅಂಟಿದ ಅಣಬೆಯೂ ಬಂದಿರಬೇಕು. ನಿನ್ನ ಕಾಡಿನ ಟ್ರಫಲ್ ಯಾರೂ ತಂದು ಹಾಕಿದ್ದಲ್ಲ, ನೆಲದ ಜೊತೆಗೇ ಬಂದದ್ದು. "ಬಂದಿರಬಹುದು" ಎಂದು ಬರೆಯಬೇಕಿತ್ತು. ನಾನು "ಬಂದದ್ದು" ಎಂದೇ ಬರೆದೆ.

ಶ್ರೀನಿಧಿ ನೆನಪಿದೆಯಾ, ಏರ್ಕಾಡಿನಲ್ಲಿ ಜಿಗಣೆಗೆ ಹೆದರಿ ವ್ಯಾನಿನಿಂದ ಇಳಿಯದ ಹುಡುಗ? ಈಗ ಪುಣೆಯಲ್ಲಿ ದೊಡ್ಡ ಪ್ರಯೋಗಾಲಯದಲ್ಲಿದ್ದಾನೆ. ಡಿಎನ್ಎ ನೋಡಿಕೊಡುತ್ತೇನೆ, ಅಲ್ಲಿಯ ತನಕ ಪ್ರಕಟಿಸಬೇಡಿ ಮೇಡಂ ಎಂದ. ನಾನು ಕೇಳಲಿಲ್ಲ. ಅರವತ್ತಮೂರು ವರ್ಷದವಳು ಎಷ್ಟು ದಿನ ಕಾಯಲಿ? ನಿನ್ನ ಗುಡ್ಡವೂ ಕಾಯುವುದಿಲ್ಲ.

ಒಂದು ಪ್ರತಿಯನ್ನು ಕಲೆಕ್ಟರ್ ಕಚೇರಿಗೆ ಕಳಿಸಿದ್ದೇನೆ. ಲೋಕದಲ್ಲಿ ಈ ಜಾತಿ ಸಿಕ್ಕಿರುವುದು ಈ ಒಂದು ಗುಡ್ಡದಲ್ಲಿ, ಗುಡ್ಡ ಹೋದರೆ ಜಾತಿ ಹೋಯಿತು ಎಂದು ಬರೆದಿದ್ದೇನೆ. ತಮಿಳು ಪತ್ರಿಕೆಯವರು ಬಂದು ಫೋಟೊ ತೆಗೆದುಕೊಂಡು ಹೋದರು. ನಾನು ಜರಿ ಸೀರೆ ಉಟ್ಟಿದ್ದೆ, ನಗಬೇಡ.

ಶಾಂತಾ


ಜಾಲಾರಿಕೊಟ್ಟಾಯ್
20 ಜುಲೈ 2024

ಮೇಡಂ ಅವ್ರಿಗೆ,

ಪೇಪರ್ ಕಟಿಂಗನ್ನ ಲ್ಯಾಮಿನೇಟ್ ಮಾಡ್ಸಿ ಟೀ ಅಂಗಡಿ ಗ್ವಾಡೆಗೆ ನೇತಾಕವ್ರೆ. ನಿಮ್ಮ ಸೀರೆ ಚೆನ್ನಾಗೈತೆ ಅಂತ ನಮ್ಮನೆಯಾಕೆ ಅಂದ್ಳು. ಪಕ್ಕದ ಕಾಡಿನ ಕುಪ್ಪಸ್ವಾಮಿ ಓದಿ ಏಳಿದ, ಎಲ್ರೂ ಕೇಳಿದ್ರು, ನಾನು ಅವ್ರ ಮುಖ ನೋಡ್ಕೊಂಡು ಕೂತಿದ್ದೆ. ಮೊನ್ನೆ ಅರ್ಜಿ ಇಡ್ಕೊಂಡು ಓದಾಗ ಆಪೀಸರು ಕುರ್ಚಿಯಿಂದ ಎದ್ದು ಮಾತಾಡ್ಸಿದ್ರಂತೆ. ನವೆಂಬರ್ ಇಪ್ಪತ್ತೆರಡಕ್ಕೆ ಧರ್ಮಪುರಿಯಾಗೆ ವಿಚಾರಣೆ ಮಡಗವ್ರೆ. ನೀವೇ ಬಂದು ಏಳ್ಬೇಕಂತೆ.

ಪೇಪರಾಗೆ ಗುಡ್ಡದ ಪೋಟೊ ಆಕವ್ರೆ.

ನಿಮಗೆ ಒಂದು ಮಾತು ಬರೀಬೇಕು ಅಂತ ಆವತ್ತೇ ಕೂತೆ. ಅಷ್ಟರಾಗೆ ಕುಪ್ಪಸ್ವಾಮಿ ಬಂದ. ಆಮೇಲೆ ಬರೀತೀನಿ.

ಇಂತಿ ನಿಮ್ಮ
ಮಾದೇಶ


ಹಸ್ತಂಪಟ್ಟಿ, ಸೇಲಂ
9 ಅಕ್ಟೋಬರ್ 2024

ಮಾದೇಶ,

ಮೂರು ದಿನದಿಂದ ಇದನ್ನು ಬರೆದು ಬರೆದು ಹರಿಯುತ್ತಿದ್ದೇನೆ.

ಶ್ರೀನಿಧಿಯ ಫಲಿತಾಂಶ ಬಂತು. ನಿನ್ನ ಟ್ರಫಲ್ ಆಸ್ಟ್ರೇಲಿಯಾದ್ದು. ಅಲ್ಲಿ ನೀಲಗಿರಿ ಮರದ, ನೀವು ತೈಲಮರ ಅನ್ನುತ್ತೀರಲ್ಲ, ಅದರ ಬೇರಿನಲ್ಲಿ ಬೆಳೆಯುವ ಜಾತಿ. ಹಿಂದೆ ಯಾರೋ ಆ ಸಸಿಗಳನ್ನು ಮಣ್ಣಿನ ಸಮೇತ ಹಡಗಿಗೆ ಹೇರಿ ತಂದಾಗ ಬೇರಿಗೆ ಅಂಟಿಕೊಂಡು ಇದೂ ಬಂದಿರಬೇಕು. ನೀಲಗಿರಿ ನೆಟ್ಟ ಎಷ್ಟೋ ದೇಶಗಳಲ್ಲಿ ಇದು ಸಿಕ್ಕಿದೆ. ಹರಿಗೋಲೂ ಇಲ್ಲ, ಮಹಾಖಂಡವೂ ಇಲ್ಲ. ನರ್ಸರಿಯ ಸರಕು.

ಇನ್ನೊಂದು ಮಾತು ಹೇಳಬೇಕು. ಇದರ ಚಿತ್ರವಿರುವ ಪುಸ್ತಕ ನನ್ನ ಕಪಾಟಿನಲ್ಲೇ ಇದೆ. ಅದೇ ನಸುಗೆಂಪು, ಅದೇ ಮುಳ್ಳು. ನಿನ್ನ ಪೆಟ್ಟಿಗೆ ಬಂದ ದಿನವೇ ಆ ಪುಟ ತೆಗೆದು ನೋಡಿದ್ದೆ. ಜಾಲಾರಿ ಗುಡ್ಡಕ್ಕೆ ನೀಲಗಿರಿಯದು ಎಲ್ಲಿಂದ ಬರಬೇಕು ಎಂದುಕೊಂಡು ಪುಸ್ತಕ ಮುಚ್ಚಿಟ್ಟೆ. ಭೂಪಟದ ಮೇಲೆ ನನಗೆ ಒಂದು ಚುಕ್ಕೆ ಬೇಕಾಗಿತ್ತು.

ಮೊನ್ನೆ ರೈತರ ಉಳವರ್ ಸಂತೆಗೆ ಹೋಗಿದ್ದೆ. ಕಡಯಂಪಟ್ಟಿ ಕಡೆಯ ಹೆಂಗಸು ಹಸಿ ಕಡಲೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಹೊಸದಾ ಎಂದು ಕೇಳಿದೆ. "ನಮ್ಮ ಕಾಟ್ಟುಲ ನೇತ್ತು ಪುಡುಂಗುನದು ಅಮ್ಮಾ" ಎಂದಳು. ನಮ್ಮ ಹೊಲದಲ್ಲಿ ನಿನ್ನೆ ಕಿತ್ತದ್ದು ಎಂದು. ನಾನು ಚೀಲ ಹಿಡಿದುಕೊಂಡು ಹಾಗೇ ನಿಂತೆ. ಈ ಊರಲ್ಲೇ ಹುಟ್ಟಿದವಳು ನಾನು. ಇಲ್ಲಿಯವರು ಕಾಡು ಎಂದರೆ ಮಳೆ ನಂಬಿದ ಹೊಲ ಎಂದು ನನಗೆ ಗೊತ್ತು. ನೀನು ತಮಿಳಿನಲ್ಲಿ ಬರೆದಿದ್ದರೆ ಒಂದು ಕ್ಷಣವೂ ತಪ್ಪುತ್ತಿರಲಿಲ್ಲ. ನೀನು ಕನ್ನಡದಲ್ಲಿ ಬರೆದೆ, ನಾನು ಪುಸ್ತಕದ ಕನ್ನಡ ಓದಿದೆ, ಅರಣ್ಯ ಎಂದು, ನಿಮ್ಮ ಜಾಲಾರಿ ಗುಡ್ಡವೇ ಎಂದು ತಿಳಿದೆ. ಅಕ್ಷರ ನಾನು ಕಲಿಸಿದ್ದು, ಮಾತು ನಿನ್ನದು.

ಈಗ ಕೇಳುತ್ತೇನೆ, ಸರಿಯಾಗಿ ಉತ್ತರ ಕೊಡು. ನಿನ್ನ ಕಾಡು ಎಂದರೆ ನಿನ್ನ ಕಡಲೆ ಹೊಲವೇ? ಅದರ ಹತ್ತಿರ ನೀಲಗಿರಿ ಇದೆಯೇ? ವಿಚಾರಣೆಗೆ ಆರೇ ವಾರ ಇದೆ.

ಶಾಂತಾ


ಜಾಲಾರಿಕೊಟ್ಟಾಯ್
29 ಅಕ್ಟೋಬರ್ 2024

ಮೇಡಂ,

ಅಣಬೆ ಗುಡ್ಡದ್ದೇ. ತೈಲಮರ ಅಲ್ಲಿಲ್ಲ. ಮತ್ತೆ ಓಗಿ ಅಗೆದೆ, ಇನ್ನೂ ಏಳು ಸಿಕ್ತು. ಬಸ್ಸಲ್ಲಿ ಪೆಟ್ಟಿಗೆ ಕಳ್ಸಿದ್ದೀನಿ. ಈ ಸಲ ಲೇಬಲ್ಲು ನೀವು ಕಲ್ಸಿದಂಗೇ ಬರ್ದಿದ್ದೀನಿ. ಗುಡ್ಡ. ಜಾಲಾರಿ ಬೇರು. ಆರು ಬೆರಳು ಆಳ. ತಾರೀಕು.

ಶ್ರೀನಿಧಿ ಸಾರ್ ಮಿಷಿನ್ನು ತಪ್ಪಿರಬೌದು.

ಮಾದೇಶ


ಹಸ್ತಂಪಟ್ಟಿ, ಸೇಲಂ
6 ನವೆಂಬರ್ 2024

ಮಾದೇಶ,

ಪೆಟ್ಟಿಗೆ ಬಂತು. ಮೇಲೆ ಜಾಲಾರಿ ಎಲೆಗಳನ್ನು ಬಹಳ ನೀಟಾಗಿ ಜೋಡಿಸಿದ್ದೆ. ಕೆಳಗೆ ಏಳು ಉಂಡೆ, ಮಣ್ಣು ಸಮೇತ. ಮಣ್ಣನ್ನು ಜರಡಿ ಹಿಡಿದೆ. ಯಾವ ಪೆಟ್ಟಿಗೆ ಬಂದರೂ ಜರಡಿ ಹಿಡಿಯುತ್ತೇನೆ ಎಂದು ನಿನಗೆ ಗೊತ್ತು, ಇಪ್ಪತ್ತೆರಡು ವರ್ಷ ಜರಡಿ ಹಿಡಿದವನು ನೀನೇ.

ಅದರಲ್ಲಿ ಸಿಕ್ಕಿದ್ದನ್ನು ಈ ಕಾಗದದಲ್ಲಿ ಮಡಿಸಿಟ್ಟಿದ್ದೇನೆ. ನೀಲಗಿರಿ ಮೊಗ್ಗು ಅರಳುವಾಗ ಉದುರಿಸುವ ಟೋಪಿ. ಇದು ಏನೆಂದು ನಿನಗೆ ಹೇಳಿಕೊಡಬೇಕಿಲ್ಲ. ಏರ್ಕಾಡಿನಲ್ಲಿ ಇಂಥದ್ದೇ ಎರಡನ್ನು ಕಿವಿಗೆ ಓಲೆಯಂತೆ ಹಿಡಿದುಕೊಂಡು ಹುಡುಗಿಯರನ್ನೆಲ್ಲ ನಗಿಸಿದವನು ನೀನು. ಗಾಳಿಗೆ ಹಾರಿ ಗುಡ್ಡದ ಮೇಲೆ ಬಿದ್ದಿತ್ತು ಎಂದು ನೀನು ಬರೆದರೆ ನಂಬಲು ಪ್ರಯತ್ನಿಸುತ್ತೇನೆ. ದಯವಿಟ್ಟು ಬರೆಯಬೇಡ.

ನಿನಗೆ ನಾನು ಕಲಿಸಿದ್ದು ಒಂದೇ ಮಾತು, ಲೇಬಲ್ಲಿನಲ್ಲಿ ಸುಳ್ಳು ಬರೆಯಬಾರದು. ಗಿಡವನ್ನು ಹುಳ ತಿಂದರೂ ಲೇಬಲ್ ಉಳಿಯುತ್ತದೆ, ನೂರು ವರ್ಷದ ಮೇಲೆ ಯಾರೋ ಅದನ್ನು ನಂಬುತ್ತಾರೆ.

22ಕ್ಕೆ ಧರ್ಮಪುರಿಗೆ ಬರುತ್ತೇನೆ. ಏನು ಹೇಳಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಶ್ರೀನಿಧಿ ನನ್ನ ಮಾತು ಮೀರುವವನಲ್ಲ. ಇಷ್ಟು ವಯಸ್ಸಾದ ಮೇಲೆ ಇಂಥ ಯೋಚನೆಯ ಜೊತೆ ಕೂತು ಊಟ ಮಾಡಬೇಕಾಗಿದೆ, ಅದಕ್ಕೆ ನಿನ್ನ ಮೇಲೆ ಸಿಟ್ಟು.

ಶಾಂತಾ


ಜಾಲಾರಿಕೊಟ್ಟಾಯ್
12 ನವೆಂಬರ್ 2024

ಮೇಡಂ,

ಟೋಪಿ ಬಂತು. ಅದು ಕುಪ್ಪಸ್ವಾಮಿ ತೈಲತೋಪಿಂದು. ಅವನ ತೋಪಿಗೂ ನಮ್ಮ ಕಾಡಿಗೂ ನಡುವೆ ಒಂದು ಬದು. ಅವನ ಮರದ ಬೇರು ಬದು ದಾಟಿ ನಮ್ಮ ಕಡ್ಲೆಗೆ ಬತ್ತದೆ. ಬದು ಮೇಲೆ ಜಾಲಾರಿ ಒಂದೇ ಒಂದು. ಮೊದಲ್ನೇ ಕಾಗದದಾಗೆ ನಾ ಸುಳ್ಳು ಬರೀಲಿಲ್ಲ. ಜಾಲಾರಿ ಐತಾ ಅಂತ ಕೇಳಿದ್ರಿ, ಪಕ್ಕದಾಗೇ ಐತೆ ಅಂದೆ. ತೈಲಮರ ಐತಾ ಅಂತ ನೀವು ಕೇಳ್ಲಿಲ್ಲ, ನಾ ಏಳ್ಲಿಲ್ಲ. ಬಂದು ನೋಡಿದ್ರೆ ಒಂದು ನಿಮಿಸದಾಗೆ ತಿಳೀತಿತ್ತು. ಮಂಡಿ ನೋವು ಅಂದ್ರಿ.

ಪೇಪರಾಗೆ ಗುಡ್ಡದ ಪೋಟೊ ನೋಡ್ದಾಗಲೇ ನೀವು ತಪ್ಪು ತಿಳ್ಕೊಂಡಿದ್ದೀರಿ ಅಂತ ನನಗೆ ಗೊತ್ತಾಯ್ತು. ಆವತ್ತೇ ಬರೆಯೋಕೆ ಕೂತೆ. ಕುಪ್ಪಸ್ವಾಮಿ ಬಂದು ನನ್ನ ಎರಡೂ ಕೈ ಇಡ್ಕೊಂಡ. ನಿನ್ನ ಮೇಡಂ ನಮ್ಮ ಗುಡ್ಡ ಉಳಿಸ್ಬಿಟ್ರು ಮಾದೇಶಣ್ಣ ಅಂತ ಕಣ್ಣಾಗೆ ನೀರು ಆಕ್ಕೊಂಡ. ಕೇಳ್ಸದಿದ್ರೂ ತುಟಿ ನೋಡಿ ತಿಳೀತು. ಕಾಗದ ಎತ್ತಿಟ್ಟೆ. ಎರಡನೇ ಪೆಟ್ಟಿಗೆದು ಸುಳ್ಳೇ. ಗೊತ್ತಿದ್ದೇ ಬರ್ದೆ.

ಈಗ ನಾ ಒಂದು ಕೇಳ್ತೀನಿ. ವಾಣಿ ಅತ್ತನೇ ಕ್ಲಾಸು ಓದೋವಾಗ ಒಂದ್ಸಲ ಕಾಲೇಜಿಗೆ ಕರ್ಕೊಂಡು ಬಂದಿದ್ದೆ. ನೀವು ಕ್ಲಾಸಲ್ಲಿದ್ರಿ. ಗಿಡ ಒಣಗ್ಸಿ ಅಂಟ್ಸಿರೋ ಶೀಟಿನ ಬೀರು ತೆಗೆದು ತೋರ್ಸ್ದೆ. ಇದು ನಾ ಕೊಲ್ಲಿಮಲೆಯಾಗೆ ಮರ ಅತ್ತಿ ಕಿತ್ತಿದ್ದು, ಇದಕ್ಕೋಸ್ಕರ ಕಾಲು ಮುರ್ಕೊಂಡಿದ್ದೆ, ಇದು ನಮ್ಮ ಗುಡ್ಡದ್ದು ಅಂತ ಒಂದೊಂದೇ ತೋರ್ಸ್ದೆ. ಅವ್ಳು ಲೇಬಲ್ಲು ಓದ್ತಾ ಓದ್ತಾ ಬಂದು, "ಅಪ್ಪಾ, ಉನ್ ಪೇರು ಎಂಗೆಯುಮೇ ಇಲ್ಲೆಯೇ" ಅಂದ್ಳು. ನಿನ್ನ ಎಸರು ಎಲ್ಲೂ ಇಲ್ವಲ್ಲಪ್ಪ ಅಂತ. ಎಲ್ಲಾದ್ರಾಗೂ ಕಲೆಕ್ಟರ್, ಅಂದ್ರೆ ಗಿಡ ಕಿತ್ತು ತಂದವ್ರು, ಡಾಕ್ಟರ್ ಶಾಂತಾ ಅಂತ ಐತೆ ಅಂದ್ಳು. ನಾ ನಕ್ಕೆ. ಮಗಳ ಮುಂದೆ ನಗದೆ ಇನ್ನೇನು ಮಾಡ್ಲಿ.

ಅದು ಸುಳ್ಳಲ್ವಾ ಮೇಡಂ? ನೂರು ವರ್ಷ ಆದ್ಮೇಲೆ ಯಾರೋ ಅದನ್ನ ನಂಬಲ್ವಾ?

ನಿಮಗೋಸ್ಕರ ನಾ ಇಪ್ಪತ್ತೆರಡು ವರ್ಷ ಸುಮ್ನಿದ್ದೆ. ನಲವತ್ತು ಮನೆಗೋಸ್ಕರ ನೀವು ಒಂದು ದಿನ ಸುಮ್ನಿರಿ.

ಮಾದೇಶ


ಹಸ್ತಂಪಟ್ಟಿ, ಸೇಲಂ
25 ನವೆಂಬರ್ 2024

ಮಾದೇಶ ಅವರಿಗೆ,

ಧರ್ಮಪುರಿಯಲ್ಲಿ ನಿಮ್ಮನ್ನು ನೋಡಿದೆ. ಮೂರನೆಯ ಸಾಲಿನಲ್ಲಿ ಕುಪ್ಪಸ್ವಾಮಿಯ ಪಕ್ಕ ಕೂತಿದ್ದಿರಿ. ನಾನು ಮಾತಾಡುವಾಗ ವಾಣಿ ನಿಮ್ಮ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ನಡುವೆ ಅವಳ ಬೆರಳು ನಿಂತಿತು, ನೀವು ಎದ್ದು ಹೋದಿರಿ. ಅವಳು ಎಷ್ಟು ಬರೆದಳೋ ಎಷ್ಟು ಬಿಟ್ಟಳೋ ಗೊತ್ತಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ನಾನು ಹೇಳಿದ್ದು ಇಷ್ಟು. ನನ್ನ ಲೇಖನ ತಪ್ಪು. ಟ್ರಫಲ್ ಸಿಕ್ಕಿದ್ದು ಗುಡ್ಡದಲ್ಲಲ್ಲ, ಹೊಲದಲ್ಲಿ, ನೀಲಗಿರಿಯ ಬೇರಿನಲ್ಲಿ. ಸ್ಥಳ ನೋಡದೆ ಬರೆದವಳು ನಾನು, ತಪ್ಪು ಪೂರ್ತಿ ನನ್ನದು. ಎರಡನೆಯ ಪೆಟ್ಟಿಗೆಯ ಮಾತು ನಾನು ಎತ್ತಲಿಲ್ಲ, ಎಂದೂ ಎತ್ತುವುದಿಲ್ಲ. ಆಮೇಲೆ ಒರತೆಯ ಬಗ್ಗೆ, ಬಾವಿಗಳ ಬಗ್ಗೆ ಹೇಳಲು ಹೊರಟೆ. ಅಧಿಕಾರಿ ಬಹಳ ಮರ್ಯಾದೆಯಿಂದ, ನೀವು ಅಣಬೆಯ ವಿಷಯಕ್ಕೆ ಬಂದವರಲ್ಲವೇ ಅಮ್ಮಾ, ಅದು ಮುಗಿಯಿತಲ್ಲ ಎಂದರು. ಕಂಪನಿಯ ವಕೀಲರು ನನಗೆ ಕುರ್ಚಿ ಎಳೆದು ಕೊಟ್ಟರು. ಮಂಡಿ ನೋಯುತ್ತಿತ್ತು, ಕೂತೆ. ಅವರು ಕೊಟ್ಟ ಕುರ್ಚಿಯಲ್ಲಿ ಕೂತೆನಲ್ಲ ಎಂದು ಈಗಲೂ ಮೈ ಉರಿಯುತ್ತದೆ.

ನಿಮ್ಮ ಕಾಗದ ಓದಿ ಸುಮ್ಮನಿರಬೇಕೆಂದೇ ಹೊರಟಿದ್ದೆ. ತೊಪ್ಪೂರು ಘಾಟಿ ಹತ್ತುವ ತನಕ ಅದೇ ತೀರ್ಮಾನ. ಆಮೇಲೆ ಯೋಚನೆ ಬಂತು, ಕಂಪನಿಯವರು ನಾಳೆ ಯಾರನ್ನಾದರೂ ಕಳಿಸಿ ಗುಡ್ಡವನ್ನೂ ನಿಮ್ಮ ಹೊಲವನ್ನೂ ಅಗೆಸಿದರೆ ಸುಳ್ಳುಗಾರ ಎನಿಸಿಕೊಳ್ಳುವವರು ನೀವು, ನಾನಲ್ಲ. ನನಗೆ ವಯಸ್ಸಾಯಿತು, ಪಾಪ, ಮೋಸ ಹೋದರು ಅನ್ನುತ್ತಾರೆ. ಇದು ನಾನು ಕಟ್ಟಿಕೊಂಡ ನೆಪವೂ ಇರಬಹುದು. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ ಎಂದು ಇಲ್ಲಿ ಬರೆಯಲು ಹೊರಟೆ, ಬೀರು ನೆನಪಾಗಿ ನಿಲ್ಲಿಸಿದೆ.

ಮೊನ್ನೆಯಿಂದ ಕಾಲೇಜಿಗೆ ಹೋಗುತ್ತಿದ್ದೇನೆ. ಈಗಿನ ಮುಖ್ಯಸ್ಥೆ ಕಾರ್ತಿಕಾ ನನ್ನ ಶಿಷ್ಯೆ, ಬೀರುಗಳ ಬೀಗದ ಕೈ ಕೊಟ್ಟಳು. ಸಾವಿರದ ನೂರಕ್ಕೂ ಮೇಲೆ ಶೀಟುಗಳಿವೆ. ಇದನ್ನು ನನ್ನ ಕೈಯಿಂದಲೇ ಕಿತ್ತೆ ಎಂದು ಧೈರ್ಯವಾಗಿ ಹೇಳಬಹುದಾದದ್ದು ಎಪ್ಪತ್ತೋ ಎಂಬತ್ತೋ. ಆಗ ಎಲ್ಲ ಕಾಲೇಜುಗಳಲ್ಲೂ ಹಾಗೇ ಮಾಡುತ್ತಿದ್ದರು, ನನಗೆ ಅದು ಸುಳ್ಳು ಎಂದು ಅನ್ನಿಸಿರಲೇ ಇಲ್ಲ. ಅನ್ನಿಸದೇ ಇದ್ದದ್ದಕ್ಕೆ ನಾಚಿಕೆಯಾಗುತ್ತದೆ. ಹಳೆಯ ಲೇಬಲ್ ಕೀಳುವಂತಿಲ್ಲ, ಪಕ್ಕದಲ್ಲಿ ತಿದ್ದುಪಡಿ ಚೀಟಿ ಅಂಟಿಸಬೇಕು. ದಿನಕ್ಕೆ ಮೂವತ್ತು ಆಗುತ್ತದೆ. ಸಂಗ್ರಹಿಸಿದವರು: ಮಾದೇಶ, ಜಾಲಾರಿಕೊಟ್ಟಾಯ್. ಕೊಲ್ಲಿಮಲೆಯದು ಮೊದಲು ಮಾಡಿದೆ, ನೀವು ಕಾಲು ಮುರಿದುಕೊಂಡದ್ದು. ಟ್ರಫಲಿನ ಶೀಟಿಗೂ ಬರೆದೆ. ಸ್ಥಳ: ಅವರ ಕಾಡು, ಎಂದರೆ ಹೊಲ. ಮರ: ನೀಲಗಿರಿ.

ಇದರಿಂದ ಗುಡ್ಡ ಉಳಿಯುವುದಿಲ್ಲ. ಗೊತ್ತು. ಕ್ಷಮಿಸಿ ಎಂದು ಕೇಳಿದರೆ ನಿಮಗೆ ಇನ್ನೊಂದು ಕೆಲಸ ಹೇಳಿದ ಹಾಗಾಗುತ್ತದೆ, ಅದಕ್ಕೆ ಕೇಳುತ್ತಿಲ್ಲ.

ಖಾಲಿ ಲೇಬಲ್ಲುಗಳ ಒಂದು ಕಟ್ಟು ಕಪಾಟಿನಲ್ಲಿ ಉಳಿದಿತ್ತು. ಕಳಿಸಿದ್ದೇನೆ. ಬೇಡವಾದರೆ ಒಲೆಗೆ ಹಾಕಿ.

ಶಾಂತಾ


ಜಾಲಾರಿಕೊಟ್ಟಾಯ್
19 ಜನವರಿ 2025

ಮೇಡಂ ಅವ್ರಿಗೆ ಮಾದೇಶ ಮಾಡೋ ನಮಸ್ಕಾರ.

ಎರಡು ತಿಂಗ್ಳು ಬರೀಲಿಲ್ಲ. ಬರೀಬಾರ್ದು ಅಂತಲೇ ಇದ್ದೆ. ಆರ್ಡರ್ ಬಂತು. ಕ್ವಾರಿ ಕೊಟ್ಟವ್ರೆ. ಮಾಸಿ ತಿಂಗ್ಳಾಗೆ, ಅಂದ್ರೆ ಶಿವರಾತ್ರಿ ಒತ್ತಿಗೆ, ಕೆಲಸ ಶುರುವಂತೆ. ಕುಪ್ಪಸ್ವಾಮಿ ಕೋರ್ಟಿಗೆ ಓಗಣ ಅಂತ ವಕೀಲ್ರನ್ನ ಉಡುಕ್ತಾ ಅವನೆ. ಟೀ ಅಂಗಡಿ ಗ್ವಾಡೆ ಮೇಲಿಂದ ನಿಮ್ಮ ಪೋಟೊ ತೆಗ್ದು ಬಿಸಾಕಿದ್ರು, ನಾನು ಎತ್ತಿಕೊಂಡು ಬಂದೆ. ಮನೆಯಾಗೆ ಐತೆ.

ಎರಡನೇ ಪೆಟ್ಟಿಗೆ ಇಷ್ಯ ನೀವು ಎತ್ತಲಿಲ್ಲ. ನಾನೇ ಟೀ ಅಂಗಡಿಗೆ ಓಗಿ ಎಲ್ರ ಮುಂದೆ ಏಳ್ಬಿಟ್ಟೆ. ಅವ್ರು ಏನಂದ್ರೋ ನನಗೆ ಕೇಳ್ಸಲಿಲ್ಲ. ಕುಪ್ಪಸ್ವಾಮಿ ಈಗ ನನ್ನ ಕಡೆ ಮುಖ ತಿರುಗ್ಸಿ ಮಾತಾಡಲ್ಲ, ಮುಖ ನೋಡದೆ ನನಗೆ ಮಾತು ತಿಳ್ಯಲ್ಲ ಅಂತ ಅವನಿಗೆ ಗೊತ್ತು.

ಕಾಗದದಾಗೆ ನೀವು ನೀವು ಅಂತ ಬರ್ದಿದ್ದೀರ. ಬೇರೆ ಯಾರ್ಗೋ ಬಂದ ಕಾಗದ ಓದ್ದಂಗಾಯ್ತು. ಮೊದ್ಲಂಗೇ ಬರೀರಿ. ಚೀಟಿ ಮಾತ್ರ ಅಂಟಿಸ್ತಾ ಓಗಿ, ವಾಣಿ ಬಂದು ಎಣಿಸ್ತಾಳಂತೆ.

ಮಳೆ ನಿಂತ ಮೇಲೆ ಗುಡ್ಡಕ್ಕೆ ಓದೆ. ಅಲ್ಲಿ ಯಾವತ್ತೂ ಯಾರೂ ಅಗೆದು ನೋಡಿಲ್ಲ ಅಲ್ವಾ ಮೇಡಂ. ನೀವೂ ಇಲ್ಲ, ನಾನೂ ಇಲ್ಲ. ಇಷ್ಟೆಲ್ಲಾ ಬರ್ದಾಡಿದ್ದು ನಮ್ಮ ಕಡ್ಲೆ ಕಾಡಿನ ಉಂಡೆ ಮೇಲೆ. ನೋಡದೆ ಇಲ್ಲ ಅನ್ನಬಾರ್ದು ಅಂತ ನೀವೇ ಏಳ್ತಿದ್ರಿ. ಅನ್ನೊಂದು ದಿನ ಅಗೆದೆ, ಬೋಗಿ ಅಬ್ಬದ ದಿನವೂ ಬಿಡ್ಲಿಲ್ಲ. ಇಲಿ ಬಗೆದ ಕಡೆ, ಅಂದಿ ಬಗೆದ ಕಡೆ, ಬಗೆಯದ ಕಡೆ. ಅಗೆದು ಮತ್ತೆ ಮಣ್ಣು ಮುಚ್ಚಿದೆ. ಮದ್ದು ಇಡೋ ಬಂಡೆಗೆ ಯಾಕಪ್ಪ ಮಣ್ಣು ಮುಚ್ತೀಯ ಅಂತ ನಮ್ಮನೆಯಾಕೆ ಕೇಳಿದ್ಳು. ನೀವು ಕಲ್ಸಿದ್ದು ಅಂಗೆ, ಅದಕ್ಕೆ ಮುಚ್ಚಿದೆ.

ಪೆಟ್ಟಿಗೆ ಕಳ್ಸಿಲ್ಲ. ಲೇಬಲ್ಲು ಒಂದೇ ಕಳ್ಸಿದ್ದೀನಿ. ಬೀರುವಾಗೆ ಜಾಗ ಇದ್ರೆ ಇಡಿ.

ಇಂತಿ ನಿಮ್ಮ
ಮಾದೇಶ

ಸ್ಥಳ: ಜಾಲಾರಿ ಗುಡ್ಡ. ನಮ್ಮ ಕಾಡಲ್ಲ, ಗುಡ್ಡ.
ಮರ: ಜಾಲಾರಿ. ಅರವತ್ತೊಂದು ಮರದ ಬುಡ.
ಆಳ: ಒಂದು ಮೊಳ.
ತಾರೀಕು: 3 ಜನವರಿಯಿಂದ 13 ಜನವರಿ 2025.
ಸಿಕ್ಕಿದ್ದು: ಏನೂ ಇಲ್ಲ.
ಸಂಗ್ರಹಿಸಿದವರು: ಮಾದೇಶ.